ನಿಂತ ಮಷೀನು, ಪಕ್ಕದ ಮನೆಯ ಅಕ್ಕೋರು

ನವನಗರದ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಓಣಿಗೆಲ್ಲ ಅವರು ಅಕ್ಕೋರು. ಏನೇ ಕೆಟ್ಟರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಗಾಬರಿ ಆಗಬ್ಯಾಡ, ಒಂದೊಂದ ನೋಡೂನು" ಅನ್ನುತ್ತಿದ್ದರು.

ನನ್ನ ಬಲಗೈ ಮುರಿದು ಪ್ಲಾಸ್ಟರ್ ಹಾಕಿದ್ದಾಗ, ಪಾತ್ರೆ ತೊಳೆಯುವ ಮಷೀನು ಒಂದು ಬೆಳಿಗ್ಗೆ ನಿಂತುಹೋಯಿತು. ಅಳುತ್ತಲೇ ಅವರನ್ನು ಕರೆದೆ. ಅವರು ಅದೇ ಪ್ಲಗ್ಗಿಗೆ ಮಿಕ್ಸರ್ ಹಚ್ಚಿದರು, ಅದೂ ತಿರುಗಲಿಲ್ಲ. ಮೀಟರ್ ಬೋರ್ಡಿನಲ್ಲಿ ಟ್ರಿಪ್ ಆಗಿ ಕೆಳಗೆ ಬಿದ್ದಿದ್ದ ಸ್ವಿಚ್ಚು ಎತ್ತಿದಾಗ ಮಿಕ್ಸರ್ ತಿರುಗಿತು. ಆದರೆ ಮಷೀನು ಹಚ್ಚಿದೊಡನೆ ಸ್ವಿಚ್ಚು ಮತ್ತೆ ಬಿತ್ತು.

"ದೋಷ ಮಷೀನಿನೊಳಗೈತಿ. ರಿಪೇರಿಯವ ಬರಲಿ, ಬಲವಂತ ಬ್ಯಾಡ" ಎಂದು ಪ್ಲಗ್ಗು ಕಿತ್ತಿಟ್ಟು, ತಾವೇ ಪಾತ್ರೆ ತಿಕ್ಕತೊಡಗಿದರು.

"ಮಷೀನಿಂದು ತಿಳೀತು. ಇನ್ನ ನಿಂದು ಹೇಳವಾ."

ಈವರೆಗೆ ನನ್ನನ್ನು ನೋಡಲು ಬಂದವರೆಲ್ಲ ಕೈ ಹೇಗಿದೆ ಎಂದಷ್ಟೇ ಕೇಳಿದ್ದರು. ನಾನು ಹೇಳತೊಡಗಿದೆ. ಪಾತ್ರೆ ಮುಗಿದ ಮೇಲೂ ಅಕ್ಕೋರು ಅಲ್ಲಿಂದ ಕದಲಲಿಲ್ಲ.