ಸೀಸೆಯ ಬೋಣಿ

ನನ್ನ ಕೈಯಲ್ಲಿ ಯಾವುದನ್ನೂ ನೆಟ್ಟಗೆ ತೆಗೆಯಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದರೆ ಅರ್ಧ ಹಾಲು ಅಡುಗೆಕಟ್ಟೆಯ ಪಾಲು. ಶಾಂಪೂ ಪೊಟ್ಟಣ ಒದ್ದೆ ಕೈಯಲ್ಲಿ ಜಾರಿ ಜಾರಿ ಕೊನೆಗೆ ಹಲ್ಲಿನ ಪಾಲು. ಬಾಣದ ಗುರುತು ಹಾಕಿ 'ಇಲ್ಲಿ ಹರಿಯಿರಿ' ಎಂದು ಬರೆದ ಬಿಸ್ಕತ್ತಿನ ಪೊಟ್ಟಣ ಅಲ್ಲೊಂದು ಕಡೆ ಬಿಟ್ಟು ಬೇರೆಲ್ಲ ಕಡೆ ಹರಿಯುತ್ತದೆ. ಇಂಥ ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂದು ಕೇಳಿದರೆ ನೀವು ನಗುತ್ತೀರಿ. ಹಿಂದೂಪುರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಔಷಧದ ಸೀಸೆಗಳಿಗೆ ಮುಚ್ಚಳ ವಿನ್ಯಾಸ ಮಾಡುತ್ತೇನೆ.

ಇಂಜೆಕ್ಷನ್ ಸೀಸೆ ನೋಡಿದ್ದೀರಲ್ಲ? ಬಾಯಿಗೆ ರಬ್ಬರಿನ ಬಿರಡೆ, ಅದನ್ನು ಬಿಗಿಯಾಗಿ ಅಪ್ಪಿಕೊಂಡ ಅಲ್ಯೂಮಿನಿಯಂ ತಗಡು, ತಗಡಿನ ನೆತ್ತಿಗೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯ ಅಂಚಿಗೆ ಹೆಬ್ಬೆರಳು ಕೊಟ್ಟು ಎತ್ತಿದರೆ ಅದು ಟಕ್ಕೆಂದು ಹಾರುತ್ತದೆ, ಸೂಜಿ ಚುಚ್ಚಲು ರಬ್ಬರು ಕಾಣುತ್ತದೆ. ಹಾರುತ್ತದೆ ಎಂದು ನಮ್ಮ ಕಾರ್ಖಾನೆಯವರ ನಂಬಿಕೆ. ಉಗುರು ಮುರಿದುಕೊಂಡವರ ನಂಬಿಕೆ ಬೇರೆ.

ಈ ಕೆಲಸದಲ್ಲಿ ಒಂದು ಧರ್ಮಸಂಕಟವಿದೆ. ತೆಗೆಯಬೇಕಾದವರಿಗೆ ಅದು ಸುಲಭವಾಗಬೇಕು, ತೆಗೆಯಬಾರದವರಿಗೆ ಕಷ್ಟವಾಗಬೇಕು, ತೆಗೆದಿದ್ದರೆ ಎಲ್ಲರಿಗೂ ಗೊತ್ತಾಗಬೇಕು. ನಮ್ಮಜ್ಜಿ ಇದನ್ನೆಲ್ಲ ಒಂದು ಬಟ್ಟೆಚೂರಿನಲ್ಲಿ ಸಾಧಿಸಿದ್ದಳು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಅವಳು ಹಾಕಿದ ಗಂಟನ್ನು ಯಾರು ಬೇಕಾದರೂ ಬಿಚ್ಚಬಹುದಿತ್ತು, ಅವಳ ಹಾಗೆ ಮತ್ತೆ ಕಟ್ಟಲು ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ. ಇನ್ನು ಪುರಾಣದ ಮಾತು ಕೇಳುವುದಾದರೆ, ಧನ್ವಂತರಿ ಅಮೃತದ ಕಲಶ ಹಿಡಿದುಕೊಂಡು ಸಮುದ್ರದಿಂದ ಎದ್ದು ಬಂದನಂತೆ. ಕಲಶಕ್ಕೆ ಮುಚ್ಚಳ ಇತ್ತೇ ಎಂದು ನಾನು ಕೇಳಿದ ಪುರಾಣಿಕರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದಿನ ಶ್ಲೋಕಕ್ಕೆ ಹೋದರು. ಇರಲಿಲ್ಲವೆಂದೇ ನನ್ನ ಅನುಮಾನ. ನಮ್ಮ ಕಾರ್ಖಾನೆಯ ಸೀಲು ಇದ್ದಿದ್ದರೆ ಮೋಹಿನಿಯ ಅವತಾರವೇ ಬೇಕಾಗುತ್ತಿರಲಿಲ್ಲ. ಅಸುರರು ಇವತ್ತಿಗೂ ಉಗುರಿನಿಂದ ಕೆರೆಯುತ್ತ ಕೂತಿರುತ್ತಿದ್ದರು.

ನಗುವುದು ಇಷ್ಟು ಸಾಕು. ನಾನು ಹೇಳಬೇಕೆಂದಿರುವುದು ಕಲ್ಯಾಣದುರ್ಗದ ನನ್ನ ಸೋದರತ್ತೆ ಶಿವಗಂಗಮ್ಮನವರ ವಿಷಯ. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಮಾವ ತೀರಿಕೊಂಡ ಮೇಲೆ ಗಾದಿಯ ಮೇಲೆ ಅವರೇ ಕೂರುತ್ತಾರೆ. ಸಕ್ಕರೆ ಕಾಯಿಲೆ ಇದೆ, ದಿನವೂ ಇನ್ಸುಲಿನ್ ಬೇಕು. ಸೂಜಿಯನ್ನು ಅಂಜದೆ ತಾವೇ ಚುಚ್ಚಿಕೊಳ್ಳುತ್ತಾರೆ. ಆದರೆ ಗಂಟುನೋವಿನಿಂದ ಬೆರಳು ಸೊಟ್ಟಗಾಗಿ, ಹೊಸ ಸೀಸೆಯ ಬಿಲ್ಲೆ ತೆಗೆಯುವುದು ಅವರಿಗೆ ಆಗದು. ಮನೆಯಲ್ಲಿ ಸೊಸೆ ಇದ್ದಾಳಲ್ಲ ಎನ್ನುತ್ತೀರಿ. ಸೊಸೆ ಒಮ್ಮೆ ತೆಗೆದುಕೊಟ್ಟಳು, ಆ ತಿಂಗಳು ಅತ್ತೆಗೆ ಸಕ್ಕರೆ ಏರಿತು. ಅದು ಮದುವೆಗಳ ತಿಂಗಳಾಗಿತ್ತು, ಊರಲ್ಲೆಲ್ಲ ಹೋಳಿಗೆ ಊಟ ನಡೆದಿತ್ತು ಎಂಬುದು ಅತ್ತೆಯ ಲೆಕ್ಕಕ್ಕೆ ಬರಲಿಲ್ಲ. "ಅವ್ಳ ಕೈ ಒಳ್ಳೇದೇ ಕಣೇ, ಬೋಣಿಗಾಗಲ್ಲ ಅಷ್ಟೇಯ" ಎಂದು ತೀರ್ಪು ಕೊಟ್ಟುಬಿಟ್ಟರು.

ವ್ಯಾಪಾರಸ್ಥರ ಮನೆಯಲ್ಲಿ ಬೋಣಿ ಎಂದರೆ ದಿನದ ಮೊದಲ ವ್ಯಾಪಾರ ಮಾತ್ರವಲ್ಲ. ಅದು ಯಾರ ಕೈಯಿಂದ ಆಯಿತು ಎಂಬುದರ ಮೇಲೆ ಸಂಜೆಯ ಮುಖಗಳು ನಿಂತಿರುತ್ತವೆ. ಅತ್ತೆ ಈ ಶಾಸ್ತ್ರವನ್ನು ಔಷಧಿಗೂ ವಿಸ್ತರಿಸಿದ್ದರು. ವೈದ್ಯರಿಗೆ ಕೈಗುಣ ಇರಬೇಕೆಂದು ಎಲ್ಲರೂ ಹೇಳುತ್ತಾರೆ. ಸೀಸೆಗೆ ಮೊದಲು ಕೈ ಹಚ್ಚುವವರಿಗೂ ಇರಬೇಕೆಂದು ಹೇಳಿದವರು ನಮ್ಮತ್ತೆಯೊಬ್ಬರೇ. ಅಂಥ ಕೈ ಇಡೀ ಪೇಟೆಯಲ್ಲಿ ಒಂದೇ ಒಂದು ಇತ್ತು. ಅದು ಅವರ ಮೈದುನನದು, ನಾನು ಚಿಕ್ಕಮಾವ ಎಂದು ಕರೆಯುವ ಮಲ್ಲಣ್ಣನವರದು. ಅಂಗಡಿ ಒಂದಾಗಿದ್ದ ಕಾಲದಲ್ಲಿ ಹೊಸ ಸೀರೆಯ ಬೇಲು ಬಂದರೆ ಹಗ್ಗ ಬಿಚ್ಚುತ್ತಿದ್ದವರು ಅವರೇ, ಮೊದಲ ಸೀರೆ ಮಾರುತ್ತಿದ್ದವರೂ ಅವರೇ.

ಕಷ್ಟವೇನೆಂದರೆ ಅತ್ತಿಗೆ ಮೈದುನರಿಗೆ ಮಾತಿರಲಿಲ್ಲ. ಮಾವ ಹೋದ ಮೇಲೆ ಪಾಲಾಯಿತು. ಬಟ್ಟೆ, ಬೀರು, ಗಜಕಡ್ಡಿ ಸಲೀಸಾಗಿ ಹಂಚಿಹೋದವು, ಗಿರಾಕಿಗಳು ಕೂಡ ಹಂಚಿಹೋದರು. ಹಂಚಲಾಗದೆ ಉಳಿದದ್ದು ಅಂಗಡಿಯ ಹಳೆಯ ಬೋರ್ಡು. ಅದರ ಮೇಲೆ ಅಣ್ಣತಮ್ಮಂದಿರಿಬ್ಬರ ಹೆಸರೂ ಒಟ್ಟಿಗೆ, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬರೆದಿತ್ತು. ಗಂಡನ ಹೆಸರಿರುವ ಬೋರ್ಡು ತನಗೆ ಬೇಕೆಂದು ಇವರು, ಅಣ್ಣನ ಹೆಸರಿರುವ ಬೋರ್ಡು ತನಗೆ ಬೇಕೆಂದು ಅವರು. ಇಬ್ಬರೂ ಒಬ್ಬನೇ ಮನುಷ್ಯನ ಮೇಲಿನ ಪ್ರೀತಿಗಾಗಿ ಜಗಳವಾಡಿದರು. ಬೋರ್ಡು ಗೋದಾಮು ಸೇರಿತು. ಚಿಕ್ಕಮಾವ ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೇ, ಬೇರೆ ಅಂಗಡಿ ಇಟ್ಟರು.

ಹೀಗಿದ್ದರೂ ಹೊಸ ಸೀಸೆ ಬಂದಾಗ ಅತ್ತೆ ಬೆಳಗಿನ ಲಿಂಗಪೂಜೆ ಮುಗಿಸಿ, ಸೆರಗಿನ ಮರೆಯಲ್ಲಿ ಅದನ್ನು ಹಿಡಿದು ರಸ್ತೆ ದಾಟುತ್ತಿದ್ದರು. ನಾನೇ ಒಮ್ಮೆ ಜೊತೆಗೆ ಹೋಗಿ ನೋಡಿದ್ದೇನೆ. ಅತ್ತೆ ಮೆಟ್ಟಿಲು ಹತ್ತಲಿಲ್ಲ, ಚಿಕ್ಕಮಾವ ಗಾದಿ ಬಿಟ್ಟು ಏಳಲಿಲ್ಲ. ಸೀಸೆ ಕಟ್ಟೆಯ ಮೇಲೆ ಕೂತಿತು. ಚಿಕ್ಕಮಾವ ಪಂಚೆಗೆ ಕೈ ಒರೆಸಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಬಿಲ್ಲೆಯನ್ನು ಟಕ್ಕೆಂದು ಹಾರಿಸಿ, ಸೀಸೆಯನ್ನು ಮತ್ತೆ ಅಲ್ಲೇ ಇಟ್ಟರು. ಆಮೇಲೆ ಮಡಿಸಿಟ್ಟ ಸೀರೆಗಳ ಕಡೆ ತಿರುಗಿ "ಶುಗರ್ರು ಹೆಂಗೈತಂತೆ?" ಎಂದರು. ಅತ್ತೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋದ ಕಡೆ ನೋಡುತ್ತ "ಹದ್ದುಬಸ್ತಿನಾಗೈತಂತೆ" ಎಂದರು. ಸೀರೆಗೊಂದು ಮಾತು, ಆಟೋಗೊಂದು ಮಾತು. ತಿಂಗಳ ಮಾತುಕತೆ ಅಲ್ಲಿಗೆ ಮುಗಿಯಿತು.

ಇದನ್ನು ನೋಡಿ ನನಗೆ ಕಂಡದ್ದು ಏನು ಗೊತ್ತೇ? ವಯಸ್ಸಾದ ಹೆಂಗಸಿಗೆ ಒಂದು ಮುಚ್ಚಳ ತೆಗೆಯಲಾಗದೆ ಮಾತುಬಿಟ್ಟವರ ಬಾಗಿಲಿಗೆ ಹೋಗಬೇಕಾಗಿದೆ ಎಂದು. ಮುಚ್ಚಳದವಳಿಗೆ ಮುಚ್ಚಳವೇ ಕಾಣುವುದು. ವಾಪಸ್ಸು ಬರುವಾಗ ಬಸ್ಸು ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು, ಮಡಕಶಿರೆಯ ಹೊತ್ತಿಗೆ ಮತ್ತೆ ಆಂಧ್ರಕ್ಕೆ ಬೀಳುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಚಿತ್ರ ಸಿದ್ಧವಾಗಿತ್ತು. ಬಿಲ್ಲೆಯ ಅಂಚಿಗೆ ಒಂದು ಪುಟ್ಟ ನಾಲಿಗೆ. ಸೊಟ್ಟ ಬೆರಳಿಗೂ ಅದು ಸಿಗಬೇಕು.

ನಾಲಿಗೆ ಇಟ್ಟ ಬಿಲ್ಲೆಗಳ ಮಾದರಿ ಮಾಡಿಸಿದೆವು. ಪರೀಕ್ಷೆಗೆಂದು ಸೀಸೆಗಳನ್ನು ಡಬ್ಬಕ್ಕೆ ತುಂಬಿ ಲಾರಿಯಲ್ಲಿ ಸೋಮಂದೇಪಲ್ಲಿಯವರೆಗೆ ಕುಲುಕಿಸಿಕೊಂಡು ಬಂದೆವು. ನಾಲಿಗೆಗಳು ಒಂದಕ್ಕೊಂದು ತಗುಲಿ, ಯಾರೂ ಮುಟ್ಟದೆಯೇ ಎಷ್ಟೋ ಬಿಲ್ಲೆಗಳು ಎದ್ದುಬಂದಿದ್ದವು. ನಾಲಿಗೆ ಹೊರಗೆ ಚಾಚಿಕೊಂಡಿದ್ದರೆ ಗುಟ್ಟು ಉಳಿಯುವುದಿಲ್ಲ ಎಂದು ಮ್ಯಾನೇಜರ್ ಸಾಹೇಬರು ನಕ್ಕು ಕಡತ ಮುಚ್ಚಿದರು. ಬಿಡಲು ನನಗೆ ಮನಸ್ಸಾಗಲಿಲ್ಲ. ಮುಚ್ಚಳವನ್ನು ಇದ್ದ ಹಾಗೇ ಬಿಟ್ಟು, ಅದನ್ನು ಎತ್ತುವ ಒಂದು ಕೊಕ್ಕೆ ಮಾಡಿದೆ. ಬೀಗದ ಕೈಯಷ್ಟು ದೊಡ್ಡದು, ಕೆಂಪು ಪ್ಲಾಸ್ಟಿಕ್ಕಿನದು. ಮೂತಿಯನ್ನು ಬಿಲ್ಲೆಯ ಕೆಳಗೆ ಸಿಕ್ಕಿಸಿ ಹಿಡಿಯನ್ನು ಅಂಗೈಯಿಂದ ಒತ್ತಿದರೆ ಸಾಕು, ಬೆರಳಿಗೆ ಕೆಲಸವೇ ಇಲ್ಲ. ನನ್ನ ಜನ್ಮದಲ್ಲಿ ನಾನು ಮೊದಲ ಸಲಕ್ಕೇ ತೆಗೆದ ಮುಚ್ಚಳ ಅದೊಂದೇ.

ಅತ್ತೆಗೆ ಅದನ್ನು ಅಂಗಡಿಯಲ್ಲೇ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು, ಖಾಲಿ ಸೀಸೆಯೊಂದರ ಮೇಲೆ ನಾನು ಕೂರಿಸಿ ತಂದಿದ್ದ ಬಿಲ್ಲೆಯನ್ನು ಹಾರಿಸಿದರು, ಮುಖ ಅರಳಿತು. ಅದನ್ನು ಅಲ್ಲಿಗೇ ಬಿಟ್ಟು ಗಲ್ಲಾದೊಳಗೆ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರು ವ್ಯಾಪಾರಸ್ಥರು. ಒಳ್ಳೆಯ ಮಾಲು ಕೈಗೆ ಬಂದರೆ ಬಿಚ್ಚಿ ತೋರಿಸದೆ, ನಾಲ್ಕು ಜನಕ್ಕೆ ಹೊಗಳದೆ ಇರುವುದು ಆ ರಕ್ತಕ್ಕೆ ಬರುವುದಿಲ್ಲ. ಬೆಳುಗುಪ್ಪದಿಂದ ಸೀರೆ ಕೊಳ್ಳಲು ಬಂದಿದ್ದ ಹೆಂಗಸರ ಮುಂದೆ ಕೊಕ್ಕೆಯನ್ನು ಎತ್ತಿ ಹಿಡಿದು, ರೇಷ್ಮೆ ಸೆರಗು ಹರಡುವ ದನಿಯಲ್ಲೇ ಶುರುಮಾಡಿದರು. "ನಮ್ಮಣ್ಣನ ಮಗ್ಳು ಮಾಡಿರೋದು ಕಣ್ರಮ್ಮಾ, ಹಿಂದೂಪುರದ ಮಿಷನ್ನು! ಇನ್ಮ್ಯಾಕೆ ಯಾರ ಹಂಗೂ ಇಲ್ಲ ನಂಗೆ!" ಅವರಲ್ಲೊಬ್ಬಾಕೆ "ಇದಿ ಯಾಡ ದೊರುಕ್ತುಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು, ಎಲ್ಲಿ ಸಿಗುತ್ತದೆ ಎಂದು. ಅತ್ತೆ ಇನ್ನೂ ದನಿಯೇರಿಸಿದರು. ರಸ್ತೆ ಅಗಲವೇನಲ್ಲ. ಎದುರಂಗಡಿಯಲ್ಲಿ ಚಿಕ್ಕಮಾವ ಅಳೆಯುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತದ್ದು ನನಗೆ ಕಂಡಿತು. ಅತ್ತೆಗೂ ಕಂಡಿತು. ಅವರ ಬಾಯಿ ಅಲ್ಲಿಗೇ ನಿಂತಿತು. ಆದರೆ ಆಡಿದ ಮಾತು ಅಷ್ಟರಲ್ಲಿ ರಸ್ತೆ ದಾಟಿಯಾಗಿತ್ತು.

ಅಲ್ಲಿಂದ ಅತ್ತೆ ರಸ್ತೆ ದಾಟಲಿಲ್ಲ. ಯಾರ ಹಂಗೂ ಇಲ್ಲ ಎಂದು ಸಾರಿದ ಮೇಲೆ ಯಾವ ಮುಖ ಹೊತ್ತು ಸೀಸೆ ಹಿಡಿದುಕೊಂಡು ಹೋಗುವುದು? ಕೊಕ್ಕೆಯಿಂದ ತಾವೇ ತೆಗೆದುಕೊಂಡರು. ಸಕ್ಕರೆಯೇನೂ ಏರಲಿಲ್ಲ, ಅದಕ್ಕೂ ಅವರಿಗೆ ಬೇಜಾರಾದಂತೆ ಕಂಡಿತು. ಮುಂದೊಮ್ಮೆ ನಾನು ಹೋಗಿದ್ದಾಗ ಚಿಕ್ಕಮಾವ ಬಸ್ ನಿಲ್ದಾಣದವರೆಗೆ ಹಿಂದೆಯೇ ಬಂದರು. ಬಿಸಿಲು, ಬೆಳೆ ಎಲ್ಲ ಮಾತಾಡಿ, ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಕೇಳಿದರು.

"ಆ ಮಿಷನ್ನು ಸರಿಯಾಗಿ ತೆಗೀತೈತೇನಮ್ಮ? ಔಸ್ತಿ ಬುಡದಂಗೆ ತಗಂತಾವ್ಳಾ ಅತ್ತಿಗೆ?"

ತೆಗೆಯುತ್ತದೆ ಮಾವ, ಚೆನ್ನಾಗಿ ತೆಗೆಯುತ್ತದೆ ಎಂದೆ. "ಹಂಗಾರೆ ಒಳ್ಳೇದಾತು ಬುಡು" ಎಂದರು. ಒಳ್ಳೆಯದಾಯಿತು ಎನ್ನುವವರ ಮುಖ ಹಾಗಿರುವುದಿಲ್ಲ. ನನ್ನ ಕೊಕ್ಕೆ ಕೆಟ್ಟಿದೆ ಎಂದು ಸುಳ್ಳು ಹೇಳಬಹುದಿತ್ತೆಂದು ನನಗೆ ಹೊಳೆದದ್ದು ಬಸ್ಸು ಪಾವಗಡ ದಾಟಿದ ಮೇಲೆ.

ಫೋನಿನಲ್ಲಿ ಅತ್ತೆಗೆ ಇದನ್ನು ಹೇಳಿದೆ. ಅವರು "ಹಬ್ಬಕ್ಕೆ ಹೋಯ್ತೀನಿ ಬುಡು" ಎಂದರು. ಹಬ್ಬ ಬಂತು, ಹೋಗಲಿಲ್ಲ. ಮುಂದಿನ ಹಬ್ಬಕ್ಕೆ ಎಂದರು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವರ ಪೂಜೆಯ ಹೊತ್ತಿಗೆ ನಾನು ಎದುರಿಗೆ ಕೂತಿದ್ದೆ. ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ಬಿಗಿಯಾದದ್ದು, ಅದನ್ನು ಅವರು ಅದೇ ಸೊಟ್ಟ ಬೆರಳುಗಳಿಂದ ಒಂದೇ ಸಲಕ್ಕೆ ತೆಗೆದು ಲಿಂಗವನ್ನು ಅಂಗೈಗಿಟ್ಟುಕೊಂಡರು. ಎಷ್ಟು ವರ್ಷಗಳಿಂದ ನೋಡುತ್ತ ಬಂದ ನೋಟ ಅದು! ಮುಚ್ಚಳದ ಕಸುಬಿನವಳು ನಾನು, ಅದನ್ನು ಮಾತ್ರ ಎಂದೂ ಗಮನಿಸಿರಲಿಲ್ಲ. ಸೀಸೆ ಅವರಿಗೆ ನಿಜಕ್ಕೂ ಆಗುತ್ತಿರಲಿಲ್ಲವೋ, ಆಗಬಾರದೆಂದಿತ್ತೋ, ನಾನು ಕೇಳಲಿಲ್ಲ. ಮೊದಲೇ ಕೇಳಿದ್ದರೆ ಕೊಕ್ಕೆ ಹುಟ್ಟುತ್ತಲೇ ಇರಲಿಲ್ಲ.

ಮುಂದಿನ ಹಬ್ಬಕ್ಕೆ ಮುಂಚೆ ಚಿಕ್ಕಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಸುದ್ದಿ ತಿಳಿದು ನಾನು ಕಲ್ಯಾಣದುರ್ಗಕ್ಕೆ ಓಡಿದೆ. ಅತ್ತೆ ಆಗಲೇ ಹೊರಟು ನಿಂತಿದ್ದರು, ಒಂದು ಕೈಯಲ್ಲಿ ಬಿಚ್ಚದ ಸೀಸೆ, ಇನ್ನೊಂದರಲ್ಲಿ ಕೆಂಪು ಕೊಕ್ಕೆ. ಇಷ್ಟು ವರ್ಷ ಹತ್ತದ ಮೆಟ್ಟಿಲು ಹತ್ತಿ, ಅಂಗಡಿ ದಾಟಿ, ಹಿಂದಿನ ಕೋಣೆಗೆ ಹೋಗಿ ಮಂಚದ ಪಕ್ಕ ಕೂತರು. ಚಿಕ್ಕಮಾವ ಸೀಸೆ ನೋಡಿದರು, ಆಮೇಲೆ ಹಾಸಿಗೆಯ ಮೇಲೆ ಬಿದ್ದಿದ್ದ ತಮ್ಮ ಬಲಗೈ ನೋಡಿಕೊಂಡರು. ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ ಕಣಪ್ಪ" ಎನ್ನುತ್ತ ಅತ್ತೆ ಕೊಕ್ಕೆಯನ್ನು ಅವರ ಎಡಗೈಗೆ ಕೊಟ್ಟರು. "ಗುಣ ಅಂಬೋದು ಬಲಗೈಗೊಂದೇ ಬರ್ಕೊಟ್ಟವ್ರಾ?"

ಸೀಸೆಯನ್ನು ಅತ್ತೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಚಿಕ್ಕಮಾವ ಎಡಗೈಯಿಂದ ಕೊಕ್ಕೆ ಸಿಕ್ಕಿಸಿದರು, ಜಾರಿತು, ಮತ್ತೆ ಸಿಕ್ಕಿಸಿ ಒತ್ತಿದರು. ಬಿಲ್ಲೆ ಟಕ್ಕೆಂದು ಹಾರಿ ನನ್ನ ಕಾಲ ಬಳಿ ಬಿತ್ತು. ಆಮೇಲೆ ಅವರು ಬಾಯಿ ತೆರೆದರು. ಕೇಳಬೇಕಾದ ಮಾತು ಅಲ್ಲಿಯೇ ಇತ್ತು, ತುಟಿಯೂ ಅಲುಗಿತು, ದನಿ ಮಾತ್ರ ಬರಲಿಲ್ಲ. ಅತ್ತೆ ಆಟೋ ಹುಡುಕಲಿಲ್ಲ. ಅವರ ಮುಖವನ್ನೇ ನೋಡುತ್ತ "ಹದ್ದುಬಸ್ತಿನಾಗೈತೆ, ಮಲ್ಲಣ್ಣ" ಎಂದರು.

ದನಿಯಿದ್ದಾಗಿನ ಮಾತುಗಳೆಲ್ಲ ಸೀರೆಗೂ ಆಟೋಗೂ ಹಂಚಿಹೋಗಿದ್ದವು.

ತಿಂಗಳಿಗೊಮ್ಮೆ ಸೀಸೆ ಈಗ ಹೀಗೇ ತೆರೆಯುತ್ತದೆ. ಇತ್ತೀಚೆಗೆ ನಮ್ಮ ಮ್ಯಾನೇಜರ್ ಸಾಹೇಬರಿಗೆ ನನ್ನ ಕೊಕ್ಕೆಯ ಮೇಲೆ ಮನಸ್ಸಾಗಿದೆ. ಅದರಲ್ಲಿ ಒಂದು ಕೊರತೆ ಇದೆಯಂತೆ. ಒಂದೇ ಕೈ ಇರುವವರು ಅದನ್ನು ಬಳಸಬೇಕಾದರೆ ಸೀಸೆ ಹಿಡಿಯಲು ಇನ್ನೊಬ್ಬರು ಬೇಕಾಗುತ್ತದೆ, ಅದಕ್ಕೊಂದು ಸ್ಟ್ಯಾಂಡು ಮಾಡಿಕೊಡಿ ಎಂದಿದ್ದಾರೆ. ಅವರ ಮಾತು ನ್ಯಾಯವೇ, ಮಾಡಿಕೊಡುತ್ತೇನೆ. ಹಿಡಿಯಲು ಯಾರೂ ಇಲ್ಲದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲ್ಯಾಣದುರ್ಗಕ್ಕೆ ಹೋಗುವಾಗ ಮಾತ್ರ ಆ ಸ್ಟ್ಯಾಂಡನ್ನು ಚೀಲದಲ್ಲಿ ಇಟ್ಟುಕೊಳ್ಳುವುದಿಲ್ಲ.