ಐದು ಹಿಡಿ ಬಿಳಿಜೋಳ

ನನ್ನ ಹಿಡಿಯಲ್ಲಿ ಎಷ್ಟು ಕಾಳು ಹಿಡಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಐವತ್ತು ವರ್ಷ ರೊಟ್ಟಿಯ ಜೋಳವನ್ನು ಇದೇ ಕೈಯಿಂದ ಅಳೆದಿದ್ದೇನೆ, ಬಿತ್ತನೆಯ ಕಾಳನ್ನು ಇದೇ ಕೈಯಿಂದ ಬಿಟ್ಟಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಅಲ್ಲಿ ಕಲಿತದ್ದು ಅರ್ಧ ಮರೆತಿದೆ, ಹಿಡಿಯ ಅಳತೆ ಮರೆತಿಲ್ಲ. ಆ ಅಳತೆಯೇ ನನ್ನ ಮೊಮ್ಮಗಳ ಕೆಲಸ ಉಳಿಸಿತು ಎಂದರೆ ಆದೋನಿಯ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಆ ಕೆಲಸಕ್ಕೆ ಕುತ್ತು ತಂದವಳೂ ನಾನೇ ಎಂದರೆ ಮಾತ್ರ ತಕ್ಷಣ ನಂಬುತ್ತಾರೆ.

ಮೊಮ್ಮಗಳು, ಮಗಳ ಮಗಳು, ಒಂದು ಸಣ್ಣ ಹಡಗಿನಲ್ಲಿದ್ದಾಳೆ. ಅಂಡಮಾನಿನ ದ್ವೀಪಗಳ ಅಂಚಿನಲ್ಲಿ, ರಸ್ತೆಯಿಲ್ಲದ ಊರಿಲ್ಲದ ಕಡೆಗೆ, ಮೂವತ್ತು ಜನರನ್ನು ಕರೆದೊಯ್ದು ತೋರಿಸುವ ಹಡಗು. ಬಂಡೆಗಳಿರುವ ದಡದ ಹತ್ತಿರ ಹಡಗು ಹೋಗಲಾರದು, ದೂರದ ಆಳದಲ್ಲೇ ನಿಲ್ಲುತ್ತದೆ. ಅಲ್ಲಿಂದ ಎಂಟೆಂಟು ಜನರನ್ನು ಮೋಟಾರಿನ ರಬ್ಬರ್ ದೋಣಿಯಲ್ಲಿ ಕೂರಿಸಿ ದಡ ಮುಟ್ಟಿಸಬೇಕು. ಎರಡು ವರ್ಷ ಆಕೆ ಆ ದೋಣಿಗಳಲ್ಲಿ ಹಗ್ಗ ಹಿಡಿಯುವ, ಜನರ ಕೈ ಹಿಡಿದು ಇಳಿಸುವ ಕೆಲಸ ಮಾಡಿದಳು. ಈಗ ದೋಣಿಯನ್ನೇ ಕೈಗೆ ಕೊಡುವ ಮಾತು ಬಂದಿತ್ತು. ಹಂಗಾಮಿನ ಕೊನೆಯ ಪ್ರವಾಸದಲ್ಲಿ ಕ್ಯಾಪ್ಟನ್ ಎದುರಿಗೆ ಕೂತು ನೋಡುತ್ತಾರೆ. ಸರಿ ಎನಿಸಿದರೆ ಮುಂದಿನ ಹಂಗಾಮಿನಿಂದ ಆಕೆಯೇ ದೋಣಿ ನಡೆಸುವವಳು, ಇಲ್ಲದಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಆ ಕೊನೆಯ ಪ್ರವಾಸಕ್ಕೆ ಹಡಗಿನಲ್ಲಿ ಕೆಲಸ ಮಾಡುವವರು ಮನೆಯವರೊಬ್ಬರನ್ನು ಕರೆತರಬಹುದಂತೆ. ಆಕೆ ಅಪ್ಪನನ್ನು ಕರೆಯಲಿಲ್ಲ, ಅವ್ವನನ್ನು ಕರೆಯಲಿಲ್ಲ. ನನ್ನನ್ನು ಕರೆದಳು. ಇದನ್ನು ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ. ಪತ್ತಿಕೊಂಡದ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ.

ನನ್ನನ್ನೇ ಯಾಕೆ ಕರೆದಳೆಂದರೆ, ಆಕೆಗೆ ನೀರು ತೋರಿಸಿದವಳು ನಾನು. ನನ್ನ ತವರು ಕೋಸಗಿಯಿಂದ ಆಚೆ, ತುಂಗಭದ್ರೆಯ ದಂಡೆಯಲ್ಲಿ. ನನ್ನ ತಮ್ಮ ಅಲ್ಲಿ ಹರಿಗೋಲು ಹಾಕುತ್ತಿದ್ದ. ಬೇಸಿಗೆಯಲ್ಲಿ ಕರೆದುಕೊಂಡು ಹೋದರೆ ಈ ಹುಡುಗಿ ಊಟಕ್ಕೆ ಕೂಗಿದರೂ ಹರಿಗೋಲು ಬಿಟ್ಟು ಇಳಿಯುತ್ತಿರಲಿಲ್ಲ. ದುಂಡನೆಯ ಬುಟ್ಟಿಯಂಥ ಅದು, ಹುಟ್ಟು ತಪ್ಪಿದರೆ ಇದ್ದಲ್ಲೇ ಗರಗರ ತಿರುಗುತ್ತದೆ. ಆಕೆ ಹತ್ತನೇ ವರ್ಷಕ್ಕೇ ಅದನ್ನು ನೆಟ್ಟಗೆ ನಡೆಸುತ್ತಿದ್ದಳು. ಹರಿಗೋಲನ್ನು ನೆಟ್ಟಗೆ ನಡೆಸಿದವರ ಕೈಯಲ್ಲಿ ಬೇರೆ ಯಾವ ದೋಣಿಯೂ ಸೊಟ್ಟ ಹೋಗುವುದಿಲ್ಲ ಎಂದು ತಮ್ಮ ಹೇಳುತ್ತಿದ್ದ.

ನಮ್ಮ ತವರಿನ ಮನೆಯಲ್ಲಿ ಒಂದು ಪದ್ಧತಿ ಇದೆ. ಹುಟ್ಟು ಮೊದಲ ಸಲ ಒಬ್ಬರ ಕೈಗೇ ಬಂದ ದಿನ, ಮನೆಯ ಹಿರಿಯ ಹೆಂಗಸು ಐದು ಹಿಡಿ ಹೊಸ ಜೋಳವನ್ನು ಉಡಿಯಲ್ಲಿ ಕಟ್ಟಿಕೊಂಡು ಅದೇ ಹರಿಗೋಲಿನಲ್ಲಿ ಕೂರಬೇಕು. ನಡುನೀರಿನಲ್ಲಿ ಅದನ್ನು ಬಿಟ್ಟು ಗಂಗವ್ವನ ಉಡಿ ತುಂಬಬೇಕು. ಹುಟ್ಟು ಹಿಡಿದವರಿಗೆ ಮಾತ್ರ ಮೊದಲೇ ಹೇಳಬಾರದು. ಹೇಳಿದರೆ ಅವರ ಗಮನ ನೀರಿನ ಮೇಲಿರದೆ ಕಾಳಿನ ಮೇಲೆ ಹೋಗುತ್ತದೆ. ತಮ್ಮನಿಗೆ ನಮ್ಮವ್ವ ಮಾಡಿದ್ದಳು. ಮೊಮ್ಮಗಳಿಗೆ ನಾನು ಮಾಡದಿದ್ದರೆ ಹೇಗೆ? ಹಿಂಗಾರಿಯ ಬಿಳಿಜೋಳ ಆಗತಾನೇ ಮನೆಗೆ ಬಂದಿತ್ತು. ಐದು ಹಿಡಿ ತೆಗೆದು ಬಟ್ಟೆಯಲ್ಲಿ ಕಟ್ಟಿ ಚೀಲದ ತಳದಲ್ಲಿಟ್ಟೆ. ಕರೆದೊಯ್ಯಲು ಆಕೆಯೇ ಬಂದಿದ್ದಳು. ಚೆನ್ನೈವರೆಗೆ ರೈಲು, ಅಲ್ಲಿಂದ ವಿಮಾನ. ಚೀಲದಲ್ಲಿ ಏನಿದೆ ಎಂದು ಆಕೆ ಕೇಳಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಎಂದುಕೊಂಡಿರಬೇಕು. ಅವೂ ಇದ್ದವು.

ಆ ಸಮುದ್ರದ ದಡವನ್ನು ಹೇಗೆ ಹೇಳಲಿ. ನಮ್ಮ ಆದೋನಿಯ ಗುಡ್ಡದ ಗುಂಡುಗಳನ್ನೇ ಯಾರೋ ಹೊತ್ತು ತಂದು ನೀರಿನ ಅಂಚಿಗೆ ಸುರುವಿದ ಹಾಗೆ ಕರಿಬಂಡೆಗಳು. ಬಂಡೆಯ ಬೆನ್ನ ಮೇಲೆಯೇ ಕಾಡು. ಮರಗಳು ಬೇರನ್ನು ಹೊರಗೆ ಚಾಚಿಕೊಂಡು, ಸೀರೆ ಎತ್ತಿ ಹಳ್ಳ ದಾಟುವ ಹೆಂಗಸರಂತೆ ನೀರಿನಲ್ಲಿ ನಿಂತಿದ್ದವು. ಒಂದು ಮನೆಯಿಲ್ಲ, ಒಂದು ಹೊಗೆಯಿಲ್ಲ. ನಾಲ್ಕು ದಿನ ನಾನು ಹಡಗಿನ ಕಟಕಟೆ ಹಿಡಿದು ನಿಂತೇ ಇದ್ದೆ. ಜೊತೆಗೆ ವಿಜಯವಾಡದಿಂದ ಬಂದ ಒಬ್ಬ ಅಮ್ಮ, ಗಂಡನ ಜೊತೆ ಬಂದಿದ್ದವಳು. ತೆಲುಗು ಮಾತಾಡುವವರು ಬೇರೆ ಯಾರೂ ಇಲ್ಲದ್ದರಿಂದ ನಮ್ಮಿಬ್ಬರಿಗೂ ಬಾಯಿ ಬಿದ್ದುಹೋಗುವಷ್ಟು ಮಾತು.

ಐದನೇ ದಿನ ಪರೀಕ್ಷೆ. ಹಿಂದಿನ ಸಂಜೆ ಮೊಮ್ಮಗಳು ಎಲ್ಲರನ್ನೂ ಕೂರಿಸಿ ನಿಯಮ ಹೇಳಿದಳು. ಮರುದಿನ ಇಳಿಯುವ ದ್ವೀಪದಲ್ಲಿ ಮನುಷ್ಯರಿಲ್ಲ. ಹೊರಗಿನ ಬೀಜ ಒಂದು ಬಿದ್ದು ಬೇರು ಬಿಟ್ಟರೂ ಅಲ್ಲಿನ ಗಿಡಗಳಿಗೆ ಕೇಡು. ಚಪ್ಪಲಿಯ ಅಡಿ, ಪ್ಯಾಂಟಿನ ಮಡಿಕೆ, ಚೀಲದ ಮೂಲೆ ಎಲ್ಲವನ್ನೂ ಬ್ರಷ್ಷಿನಿಂದ ಝಾಡಿಸಿಯೇ ದೋಣಿ ಹತ್ತಬೇಕು. ಎಲ್ಲರನ್ನೂ ತಪಾಸಣೆ ಮಾಡುವ ಹೊಣೆ ಆಕೆಯದೇ. ಆಮೇಲೆ ನನ್ನ ಹತ್ತಿರ ಬಂದು ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. ನನಗೆ ಪೂರ್ತಿ ತಿಳಿಯಿತು. ಪಾರ್ಥೇನಿಯಂ ನಮ್ಮ ಹೊಲ ಹೊಕ್ಕು ಮಾಡಿದ ಹಾಳು ನಾನು ನೋಡಿಲ್ಲವೇ? ಆದರೆ ನನ್ನ ತಲೆಯಲ್ಲಿ ಬೀಜ ಎಂದರೆ ಕಸದ ಬೀಜ. ಉಣ್ಣುವ ಜೋಳ ಲಕ್ಷ್ಮಿ. ಲಕ್ಷ್ಮಿಯನ್ನು ಕಸದ ಸಾಲಿಗೆ ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಚೀಲದ ತಳದ ಜೋಳವನ್ನು ಉಡಿಗೆ ಸುರುವಿ ಸೊಂಟಕ್ಕೆ ಗಂಟು ಹಾಕಿಕೊಂಡೆ. ಆಕೆ ನನ್ನ ಚಪ್ಪಲಿ ತಿರುವಿ ನೋಡಿದಳು, ಕೈಚೀಲ ಕೊಡವಿದಳು. ಸೊಂಟದ ಗಂಟನ್ನು ನೋಡಲಿಲ್ಲ. ಅಜ್ಜಿಯ ಉಡಿಗೆ ಯಾರು ಕೈ ಹಾಕುತ್ತಾರೆ?

ಹೋಗುವಾಗ ಎದುರಿಗೆ ಕ್ಯಾಪ್ಟನ್ ಕೂತಿದ್ದರು. ಆಕೆ ಹಿಂದೆ ಮೋಟಾರಿನ ಹಿಡಿಕೆ ಹಿಡಿದು ಅಲೆಯನ್ನು ಅಡ್ಡಡ್ಡಲಾಗಿ ಸೀಳಿಕೊಂಡು, ಎರಡು ಬಂಡೆಗಳ ನಡುವಿನಿಂದ ತೂರಿಸಿ, ಬಿಳಿ ಮರಳಿಗೆ ತಂದು ತಾಗಿಸಿದಳು. ಕ್ಯಾಪ್ಟನ್ ತಿರುಗಿ ಆ ಬಂಡೆಗಳ ಸಂದನ್ನೊಮ್ಮೆ ನೋಡಿದರು. ಬರುವಾಗ ಒಬ್ಬಳೇ ತರುತ್ತೀಯಾ ಎಂದು ಕೇಳಿದರು, ಅಷ್ಟೇ. ನನ್ನ ಎದೆ ಹಿಗ್ಗಿತು. ಹಾಗಾದರೆ ಗಂಗವ್ವನ ಉಡಿ ತುಂಬುವುದು ಬರುವಾಗಲೇ.

ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಿತ್ತು. ಒಂದು ಅಲೆ ಸೊಂಟದವರೆಗೆ ಬಂದು ನನ್ನನ್ನು ತೂಗಾಡಿಸಿತು. ಸೀರೆ ಎತ್ತಿ ಕಟ್ಟಿದೆ, ನಕ್ಕೆ, ದಡ ಹತ್ತಿ ನಡೆದೆ. ರಾತ್ರಿ ಆಮೆ ಬಂದು ಹೋದ ಜಾಡು ಮರಳಿನ ಮೇಲೆ ಹೊಲಕ್ಕೆ ರಂಟೆ ಹೊಡೆದಂತೆ ಬಿದ್ದಿತ್ತು. ಅದರ ಪಕ್ಕದಲ್ಲೇ ಮೂವತ್ತು ನಲವತ್ತು ಹೆಜ್ಜೆ ಹೋಗಿರಬೇಕು. ವಿಜಯವಾಡದ ಅಮ್ಮ ಹಿಂದಿನಿಂದ ಕರೆದಳು, "ಪೆದ್ದಮ್ಮಾ, ಇದಿ ಚೂಡಂಡಿ."

ನೋಡಿದೆ. ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಒಂದು ಪುಟ್ಟ ಏಡಿ. ಅದರ ಕೊಂಡಿಯಲ್ಲಿ ಒಂದು ಬಿಳಿಜೋಳದ ಕಾಳು. ನೋಡಿ ಮೊದಲು ನನಗೆ ಖುಷಿಯೇ ಆಯಿತು, ನಮ್ಮೂರಿನವರು ಯಾರೋ ಸಿಕ್ಕಂತೆ. ಆಮೇಲೆ ಉಡಿ ಮುಟ್ಟಿಕೊಂಡೆ. ಗಂಟು ಸಡಿಲಾಗಿತ್ತು. ನಾನು ನಡೆದು ಬಂದ ದಾರಿಯುದ್ದಕ್ಕೂ ಬಿತ್ತುತ್ತಾ ಬಂದಿದ್ದೆ. ಬಿಳಿ ಮರಳು, ಬಿಳಿಜೋಳ.

ಮೊಮ್ಮಗಳು ಹತ್ತಿರ ಬಂದಿದ್ದಳು. ಏಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಿ, ಉಡ್ಯಾಗ ಏನೈತಿ?"

ಹೇಳಿದೆ. ಗಂಗವ್ವ, ಐದು ಹಿಡಿ, ತಮ್ಮ, ನಮ್ಮವ್ವ, ಎಲ್ಲವನ್ನೂ ಒಂದೇ ಉಸಿರಿಗೆ. ಆಕೆಯ ಮುಖ ಬಿಳಿಚಿತು. ತಪಾಸಣೆ ಆಕೆಯದು, ಕಾಳು ಆಕೆಯ ಅಜ್ಜಿಯದು, ಪರೀಕ್ಷೆಯ ದಿನ. ಕ್ಯಾಪ್ಟನ್ ದೂರದಲ್ಲಿ ಬೆನ್ನು ಮಾಡಿ ಯಾರಿಗೋ ಹಕ್ಕಿ ತೋರಿಸುತ್ತಿದ್ದರು. ನಾನು ಕಾಲಿನಿಂದ ಮರಳು ಎಳೆಯತೊಡಗಿದೆ.

"ಯಾರೂ ನೋಡಿಲ್ಲ ನಮ್ಮವ್ವ, ಮುಚ್ಚಿಬಿಡಾಣು."

ಆಕೆ ನನ್ನ ತೋಳು ಹಿಡಿದಳು. "ಮುಚ್ಚಿದ್ರ ಮೊಳಿತೈತಿ ಅಜ್ಜಿ. ಬಿತ್ತೋದು ನೀನಽ ಕಲಿಸಿದ್ದಲ್ಲೇನು?"

ಅಷ್ಟು ಹೇಳಿ ಕ್ಯಾಪ್ಟನ್ ಹತ್ತಿರ ನಡೆದುಹೋದಳು. ಯಾರೂ ಕೇಳುವ ಮೊದಲೇ ತಾನಾಗಿ ಹೋದಳು. ಅವರು ತಲೆ ತಗ್ಗಿಸಿ ಕೇಳಿದರು. ನೀರಿನ ಕಡೆ ನೋಡಿದರು, ಗಡಿಯಾರ ನೋಡಿದರು. ನೀರು ಏರಲು ಇನ್ನು ಒಂದು ಗಂಟೆ ಇದೆ, ಒಂದು ಕಾಳೂ ಇಲ್ಲಿ ಉಳಿಯಬಾರದು, ಎಲ್ಲಾ ಬಂತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಹಿಂದಿಯಲ್ಲಿ ಕೇಳಿದರಂತೆ. ಮೊಮ್ಮಗಳು ನನ್ನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಕೇಳಿದಳು.

"ಮನ್ಯಾಗ ಅಳೆದು ತಂದೀನಿ," ಎಂದೆ. "ನನ್ನ ಹಿಡಿಲಿಂದ ಐದು. ಹಿಡಿ ಇಲ್ಲೇ ಐತಲ್ಲ."

ಬೆರಳಿನಿಂದ ಒಂದೊಂದೇ ಹೆಕ್ಕಲು ಎಲ್ಲರೂ ಬಗ್ಗಿದರು. ಹಾಗೆ ಆಗುವ ಕೆಲಸವಲ್ಲ ಅದು. ಚಹಾದ ಬುಟ್ಟಿಯ ಜೊತೆ ದೊಡ್ಡ ತಾಟುಗಳು ಬಂದಿದ್ದವು. ಒಂದನ್ನು ತೆಗೆದುಕೊಂಡೆ. ಜಾಡಿನ ಮೇಲಿನ ಮರಳನ್ನು ಬೊಗಸೆಯಿಂದ ಕೆರೆದು ತಾಟಿಗೆ ಹಾಕಿ, ಕಣದಲ್ಲಿ ಜೋಳ ಹಸನು ಮಾಡುವಂತೆ ಕೇರಿದೆ. ಮರಳು ಭಾರ, ಕಾಳು ಹಗುರ. ನಾಲ್ಕು ಸಲ ಕುಲುಕಿದರೆ ಕಾಳು ತಾನಾಗಿ ಮೇಲೆ ಬಂದು ಒಂದು ಅಂಚಿಗೆ ಸರಿಯುತ್ತದೆ. ವಿಜಯವಾಡದ ಅಮ್ಮ ಇನ್ನೊಂದು ತಾಟು ಹಿಡಿದಳು. ಅವಳಿಗೆ ಅಕ್ಕಿ ಕೇರಿ ರೂಢಿ ಇತ್ತು. ಉಳಿದವರು ಸಾಲಾಗಿ ಕೂತು ಮರಳು ಕೆರೆದು ಕೊಟ್ಟರು. ದೊಡ್ಡ ದೊಡ್ಡ ಕ್ಯಾಮೆರಾ ತಂದಿದ್ದವರು ಅವನ್ನು ಬಂಡೆಯ ಮೇಲಿಟ್ಟು ಮೊಣಕಾಲೂರಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಕೈ ಮಾತ್ರ ನಿಲ್ಲಿಸಲಿಲ್ಲ. ಏಡಿಯಿಂದ ಕಾಳು ಬಿಡಿಸುವ ಕೆಲಸ ಕ್ಯಾಪ್ಟನ್ ತಾವೇ ಮಾಡಿದರು. ಅದು ಸುಲಭಕ್ಕೆ ಬಿಡಲಿಲ್ಲ.

ಕೊನೆಗೆ ಉಡಿಯಲ್ಲಿ ಉಳಿದದ್ದನ್ನೂ ಸೇರಿಸಿ ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಅಳೆದೆ. ಒಂದು, ಎರಡು, ಮೂರು, ನಾಲ್ಕು. ಐದನೆಯ ಹಿಡಿ ತುಂಬಲಿಲ್ಲ. ನೋಡುವವರಿಗೆ ತುಂಬಿದಂತೆಯೇ ಕಂಡಿತು. ಆದರೆ ಕಿರುಬೆರಳು ಅಂಗೈಗೆ ತಾಗುತ್ತಿತ್ತು. ತುಂಬಿದ ಹಿಡಿಯಲ್ಲಿ ಅದು ತಾಗಬಾರದು. ಸುಮ್ಮನಿದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಮೊಮ್ಮಗಳ ಮುಖ ನೋಡಿದೆ. "ಇನ್ನೂ ಅದಾವ," ಎಂದೆ.

ಮತ್ತೆ ಹುಡುಕಿದರು. ಅಲೆ ಆಮೆಯ ಜಾಡಿನ ತುದಿ ಮುಟ್ಟುತ್ತಿತ್ತು. ಆಗ ವಿಜಯವಾಡದ ಅಮ್ಮ ತನ್ನ ಚಪ್ಪಲಿ ತೆಗೆದು ತಿರುವಿದಳು. ನನ್ನ ಹಿಂದೆಯೇ ನಡೆದು ಬಂದಿದ್ದಳಲ್ಲ, ರಬ್ಬರಿನ ಗೀರುಗಳಲ್ಲಿ ಕಾಳು ಸಾಲಾಗಿ ಕೂತಿದ್ದವು. ಅವಳ ಗಂಡನ ಚಪ್ಪಲಿಯಲ್ಲೂ ಇದ್ದವು. ಅವನ್ನೆಲ್ಲ ಸೇರಿಸಿ ಹಿಡಿದೆ. ಕಿರುಬೆರಳು ಎದ್ದು ನಿಂತಿತು.

"ಐದು," ಎಂದೆ.

ಕ್ಯಾಪ್ಟನ್ ಡಬ್ಬಿಯ ಮುಚ್ಚಳ ಒತ್ತಿ ತಮ್ಮ ಚೀಲದಲ್ಲಿಟ್ಟರು. ಮೊಮ್ಮಗಳಿಗೆ ಹೇಳಿದ್ದು ಎರಡೇ ಮಾತು. ತಪ್ಪು ನಿನ್ನದು, ನಿನ್ನವರೆಂದು ನೀನು ಸರಿಯಾಗಿ ನೋಡದೆ ಬಿಟ್ಟೆ. ಕೇಳುವ ಮೊದಲೇ ಬಂದು ಹೇಳಿದೆ, ಅದಕ್ಕೆ ದೋಣಿ ತೆಗೆದುಕೋ. ಹೀಗೆ ಹೇಳಿ ತಾವು ಇನ್ನೊಂದು ದೋಣಿ ಹತ್ತಿದರು.

ಆಕೆ ಒಬ್ಬಳೇ ನಮ್ಮನ್ನು ತಂದಳು. ನನ್ನ ಉಡಿಯಲ್ಲಿ ಏನೂ ಇರಲಿಲ್ಲ. ಏನೂ ಕೊಡದೆ ಗಂಗವ್ವನನ್ನು ದಾಟುತ್ತಿದ್ದೇವಲ್ಲಾ ಎಂದುಕೊಂಡು, ಸಮುದ್ರದ ನೀರನ್ನೇ ಬೊಗಸೆ ತುಂಬಿ ಅದಕ್ಕೇ ಬಿಡೋಣವೆಂದು ದೋಣಿಯ ಅಂಚಿನಿಂದ ಆಚೆ ಬಾಗಿದೆ.

"ಕೈ ಒಳಗಿರ್ಲಿ ಅಜ್ಜಿ. ದೋಣ್ಯಾಗಿನ ನಿಯಮ ನಿಂಗೂ ಸೇರಿಸೇ ಹೇಳೀನಿ."

ಎಲ್ಲರೂ ನಕ್ಕರು. ನಾನು ಕೈ ಮಡಿಚಿ ಕೂತೆ. ದೋಣಿಯ ಮುಂದಿನ ಮೂತಿ ಹಡಗಿನ ಕಡೆಗೇ ನೆಟ್ಟಗಿತ್ತು, ಅತ್ತಿತ್ತ ಒಂದು ಗೇಣು ಸರಿಯಲಿಲ್ಲ. ತಮ್ಮ ಇದ್ದಿದ್ದರೆ ನೋಡುತ್ತಿದ್ದ.

ಸಂಜೆ ಡಬ್ಬಿಯನ್ನು ಏನು ಮಾಡುವುದೆಂಬ ಮಾತು ಬಂತು. ಬೇಯಿಸಿದ ಕಾಳು ಮೊಳೆಯುವುದಿಲ್ಲ, ಗುಗ್ಗರಿ ಹಾಕೋಣ ಎಂದೆ. ಅಡುಗೆಯವರು ಉಪ್ಪು ಹಾಕಿ ಬೇಯಿಸಿಕೊಟ್ಟರು, ನಾನು ಕೊಬ್ಬರಿ ಹೆರೆದು ಕಲಸಿದೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಗುಗ್ಗರಿ ಹಂಚುತ್ತಾರೆ, ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದುತ್ತಾರೆ ಎಂದು ವಿಜಯವಾಡದ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅವಳು ಅದನ್ನು ಎಲ್ಲರಿಗೂ ಹಿಂದಿಯಲ್ಲಿ ಸಾರಿದಳು. ಇಲ್ಲಿ ಕೂಸೂ ಇಲ್ಲ, ಅತ್ತೆಯೂ ಇಲ್ಲ, ಯಾರನ್ನು ಗುದ್ದುವುದು ಎಂದು ಕ್ಯಾಪ್ಟನ್ ಕೇಳಿದರು. ದೋಣಿ ನಡೆಸಿದವಳನ್ನು ಎಂದೆ. ಒಬ್ಬೊಬ್ಬರೂ ಒಂದು ಚಮಚ ಗುಗ್ಗರಿ ಬಾಯಿಗೆ ಹಾಕಿಕೊಂಡು, ಆಕೆಯ ಬೆನ್ನಿಗೆ ಮೆಲ್ಲನೆ ಒಂದು ಗುದ್ದಿ ಹೋದರು. ಕೊನೆಗೆ ಕ್ಯಾಪ್ಟನ್ ಗುದ್ದಿ, ಮುಂದಿನ ಹಂಗಾಮಿಗೆ ಯಾವ ತಾರೀಖಿಗೆ ಬರಬೇಕೆಂದು ಹೇಳಿದರು. ಆಕೆ ಗುಗ್ಗರಿ ಬಾಯಲ್ಲಿಟ್ಟುಕೊಂಡೇ ಅತ್ತಳು. ನಾನೂ ಅತ್ತೆ.

ಮರುದಿನ ಇನ್ನೊಂದು ದ್ವೀಪ. ದೋಣಿ ಹತ್ತುವ ಸಾಲಿನಲ್ಲಿ ಆಕೆ ಬ್ರಷ್ ಹಿಡಿದು ನಿಂತಿದ್ದಳು. ಮೊದಲು ನನ್ನನ್ನೇ ಕರೆದಳು. ಎಲ್ಲರ ಎದುರಿಗೆ ಉಡಿ ಬಿಚ್ಚಿಸಿದಳು, ಸೆರಗು ಕೊಡವಿಸಿದಳು. ಆಮೇಲೆ ಸೊಂಟದಲ್ಲಿದ್ದ ಎಲೆ ಅಡಿಕೆಯ ಸಂಚಿ ತೆಗೆದು ಒಳಮೈ ಹೊರಗೆ ಮಾಡಿದಳು. ಹೊಲಿಗೆಯ ಮೂಲೆಯಿಂದ ಒಂದು ಕಾಳು ಆಕೆಯ ಅಂಗೈಗೆ ಬಿತ್ತು.

ನನ್ನ ಹಿಡಿ ಒಂದು ಕಾಳಿನಷ್ಟು ತಪ್ಪಿತ್ತು.

ಆಕೆ ಅದನ್ನು ನನಗೆ ತೋರಿಸಿದಳು. ಆಮೇಲೆ ಬಾಯಿಗೆ ಹಾಕಿಕೊಂಡು, ಕಟಕ್ ಎಂದು ಕಡಿದು, ಅಗಿದು ನುಂಗಿದಳು.

"ದೋಣಿ ಹತ್ತು ಅಜ್ಜಿ," ಎಂದಳು, "ಹುಷಾರಿ," ಎಂದು ಕೈ ಚಾಚಿದಳು.