ಖಾಲಿ ಮನೆಯ ಅಂಕ

ಸಿಕಂದರಾಬಾದಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಅಂಕಗಳ ಲೆಕ್ಕ ನೋಡುವುದು ನನ್ನ ಕೆಲಸ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳು ವಾರಕ್ಕೊಂದು ಅಣಕು ಪರೀಕ್ಷೆ ಬರೆಯುತ್ತಾರೆ. ಯಾರು ಏರಿದರು, ಯಾರು ಜಾರಿದರು, ಕೊನೆಗೆ ಯಾರಿಗೆ ಯಾವ ರ‍್ಯಾಂಕ್ ಬಂದೀತು ಎಂದು ನಾನು ಅಂದಾಜು ಮಾಡಬೇಕು. ಸಂಖ್ಯಾಶಾಸ್ತ್ರ ಓದಿದವಳು ಕಣಿ ಹೇಳುವವಳಾದಳು ಎಂದು ಮನೆಯಲ್ಲಿ ಗೇಲಿ ಮಾಡುತ್ತಾರೆ. ಅವರು ಹೇಳುವುದೇನೂ ಸುಳ್ಳಲ್ಲ.

ಕೋಷ್ಟಕದ ಚೌಕಗಳಿಗೆ ನಾನು ಮನೆ ಎನ್ನುತ್ತೇನೆ, ಚಿಕ್ಕಂದಿನಲ್ಲಿ ಚೌಕಾಬಾರ ಆಡಿದ ರೂಢಿ. ಪರೀಕ್ಷೆಗೆ ಬಾರದವರ ಮನೆ ಖಾಲಿ ಉಳಿಯುತ್ತದೆ, ಖಾಲಿ ಬಿಟ್ಟರೆ ಮುಂದಿನ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಒಂದು ಸೂತ್ರ ಹಾಕಿಟ್ಟಿದ್ದೆ. ಮಗು ಹಿಂದೆ ತೆಗೆದ ಅಂಕ, ಬ್ಯಾಚಿನ ಈ ವಾರದ ಸರಾಸರಿ, ಎರಡನ್ನೂ ಬೆರೆಸಿ, ಬಂದಿದ್ದರೆ ಎಷ್ಟು ತೆಗೆಯುತ್ತಿತ್ತೋ ಅಷ್ಟನ್ನು ಅದು ತುಂಬುತ್ತದೆ. ಜ್ವರ ಬಂದವರಿಗೆ, ಮದುವೆಗೆ ಹೋದವರಿಗೆ ಅಷ್ಟು ಸಾಕು. ಅದೇ ಅಂಕ ಭಾನುವಾರ ಸಂಜೆ ಮೆಸೇಜಾಗಿ ಮನೆಯವರ ಫೋನಿಗೂ ಹೋಗುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮೇಷ್ಟ್ರೊಬ್ಬರು ಬಂದು, ಬಾಲಾನಗರದ ಒಬ್ಬ ಹುಡುಗಿಯ ಹೆಸರು ತೆಗೆದುಬಿಡಿ ಎಂದರು. ಡೆಂಗಿ ಬಂದು ತೀರಿಕೊಂಡು ಆಗಲೇ ತಿಂಗಳ ಮೇಲಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ತೆರೆದು ನೋಡಿದರೆ ಆ ಹುಡುಗಿ ವಾರ ತಪ್ಪದೆ ಪರೀಕ್ಷೆ ಬರೆಯುತ್ತಲೇ ಇದ್ದಳು, ಅಂಕ ಪಡೆಯುತ್ತಲೇ ಇದ್ದಳು. ಸಾವಾದ ಮನೆಗೆ ನಾನು ಮಾರ್ಕ್ಸ್ ಕಳಿಸುತ್ತಿದ್ದೆ. ಕೂತಲ್ಲೇ ಹೆಸರು ಅಳಿಸಿದೆ.

ಮುಂದಿನ ವಾರ ಅವಳ ತಾಯಿ ಬಂದರು. ಬೈಯಲಿಕ್ಕೇ ಬಂದಿದ್ದಾರೆ, ಬೈಯಲಿ, ಎಂದು ಎದ್ದು ನಿಂತೆ. ತೆಲುಗಿನಲ್ಲಿ ಮಾತು ತೆಗೆದವರು, ನಾನು ಕಲಬುರಗಿಯವಳೆಂದು ತಿಳಿದ ಮೇಲೆ ಕನ್ನಡಕ್ಕೆ ಹೊರಳಿದರು. ರಾಯಚೂರು ಕಡೆಯವರು. ಗಂಡ ಬಾಲಾನಗರದಲ್ಲಿ ಲೇತ್ ಕೆಲಸಕ್ಕಿದ್ದರು.

“ಈ ವಾರ ಮೆಸೇಜ್ ಬರಲಿಲ್ಲಲ್ರಿ,” ಎಂದರು. “ಎಷ್ಟು ತಗೊಂಡಾಳ?”

ನಾನು ತಡವರಿಸುತ್ತ, ಅದು ಕಂಪ್ಯೂಟರ್ ಹಾಕಿದ ಅಂದಾಜು, ನಿಮ್ಮ ಮಗಳದ್ದಲ್ಲ ಎಂದೆ.

“ಗೊತ್ತೈತ್ರಿ. ಮಣ್ಣು ಮಾಡಿ ಬಂದಾಕಿ ನಾನು, ನನಗ ಗೊತ್ತಿರಂಗಿಲ್ಲೇನು? ಆದ್ರ ಇತವಾರ ಸಂಜೀಕ ಫೋನ್ ಸಪ್ಪಳ ಮಾಡತೈತಿ, ಆಕಿ ಹೆಸರು ಬರತೈತಿ. ಈಗ ಮನ್ಯಾಗ ಯಾರೂ ಆಕಿ ಹೆಸರು ಎತ್ತಂಗಿಲ್ರಿ. ದೊಡ್ಡ ಪರೀಕ್ಷಿ ಆಗೂತನ ಕಳಸ್ರಿ.”

ಆಗದು ಎನ್ನಬೇಕಿತ್ತು. ಹೆಸರನ್ನು ಮತ್ತೆ ಸೇರಿಸಿದೆ.

ಆಮೇಲೆ ಭಾನುವಾರ ಬಂತೆಂದರೆ ಅವಳ ಅಂಕವನ್ನೇ ಮೊದಲು ತೆರೆದು ನೋಡುತ್ತಿದ್ದೆ. ಸೂತ್ರ ನಾನೇ ಬರೆದದ್ದು, ಅದರ ಬುದ್ಧಿ ನನಗೆ ಗೊತ್ತು. ಮಗು ತಾನಾಗಿ ಬರೆದ ಪರೀಕ್ಷೆ ಹಳೆಯದಾದಷ್ಟೂ ಅದು ಆ ಅಂಕವನ್ನು ಕಡಿಮೆ ನಂಬುತ್ತದೆ, ಬ್ಯಾಚಿನ ಸರಾಸರಿಯನ್ನು ಹೆಚ್ಚು ನಂಬುತ್ತದೆ. ಬದುಕಿದ್ದಾಗ ಆ ಹುಡುಗಿ ಗಣಿತದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದಳು, ರಸಾಯನಶಾಸ್ತ್ರದಲ್ಲಿ ಮುಗ್ಗರಿಸುತ್ತಿದ್ದಳು. ಈಗ ಗಣಿತ ಇಳಿಯತೊಡಗಿತು, ರಸಾಯನಶಾಸ್ತ್ರ ಏರತೊಡಗಿತು. ಸತ್ತವಳನ್ನು ಸೂತ್ರ ಚೂರುಚೂರೇ ಸರಾಸರಿಯತ್ತ ಎಳೆದು ಎಲ್ಲರಂತೆ ಮಾಡುತ್ತಿತ್ತು.

“ಕೆಮಿಸ್ಟ್ರಿ ಸುಧಾರಿಸ್ಯಾಳಲ್ರಿ. ಅದಕ್ಕಂತ ಭಾಳ ಬೈತಿದ್ದೆ,” ಎಂದು ತಾಯಿ ಒಮ್ಮೆ ಫೋನ್ ಮಾಡಿದರು. ದನಿಯಲ್ಲಿ ಸಂತೋಷವಿತ್ತು. ನಿಜ ಹೇಳಲು ನನಗೆ ಧೈರ್ಯವಾಗಲಿಲ್ಲ. ಸೂತ್ರ ತಿದ್ದಿ ಅವಳ ಗಣಿತವನ್ನು ಮೇಲೆತ್ತೋಣವೇ ಎನ್ನಿಸಿತು, ಆದರೆ ಹೆಣಕ್ಕೆ ದಾರ ಕಟ್ಟಿ ಆಡಿಸಿದಂತಾದೀತೆಂದು ಕೈ ಹಿಂದೆಗೆದೆ.

ಅವಳ ಮುಖ ನಾನು ಕಂಡವಳಲ್ಲ. ಕೆಲಸ ಮುಗಿಸಿ ಮಲ್ಕಾಜ್‌ಗಿರಿಯ ಮನೆಗೆ ಮರಳುವ ರೈಲಿನಲ್ಲಿ ಪುಸ್ತಕ ಹಿಡಿದ ಹುಡುಗಿ ಕಂಡರೆ ಸಾಕು, ಇವಳೇ ಇರಬೇಕೆಂದು ದಿಟ್ಟಿಸುತ್ತಿದ್ದೆ. ಒಬ್ಬಳಂತೂ ಹೆದರಿ ಬೇರೆ ಸೀಟಿಗೆ ಎದ್ದು ಹೋದಳು.

ಪ್ರವೇಶ ಪರೀಕ್ಷೆ ಮುಗಿದ ಮರುದಿನ ತಾಯಿ ಬಂದರು. ರ‍್ಯಾಂಕ್ ಎಷ್ಟು ಬರುತ್ತಿತ್ತೆಂದು ಕೇಳುತ್ತಾರೆ, ಏನು ಹೇಳಲಿ ಎಂದು ಅಂಜಿದ್ದೆ. ಕೇಳಲಿಲ್ಲ.

“ಭಾಳ ಓದಿದ್ಲು,” ಎಂದರು. “ಇನ್ನ ಆಕಿಗೆ ಸೂಟಿ ಕೊಡ್ರಿ.”

ಅವರೆದುರಿಗೇ ಹೆಸರು ಅಳಿಸಿದೆ. ನಮಸ್ಕಾರ ಹೇಳಿ ಅವರು ಮೆಟ್ಟಿಲಿಳಿದು ಹೋದರು. ಆಮೇಲೆ ಬ್ಯಾಚಿನ ಸರಾಸರಿ ನೋಡಿದೆ. ಅಳಿಸುವ ಮುಂಚೆ ಎಷ್ಟಿತ್ತೋ ಅಷ್ಟೇ ಇತ್ತು.